ಆಡುವ ಹುಡುಗನಿಗೆ ಸಂಭಾವನೆ

ಕಾಲೇಜಿನ ಪರವಾಗಿ ಆಡುವ ವಿದ್ಯಾರ್ಥಿಗೆ ಅವನ ಆಟಕ್ಕಾಗಿ ಹಣ ಕೊಡಬಹುದೆ, ಕೊಡಬಾರದೆ? ಅಮೆರಿಕ ದೇಶದಲ್ಲಿ ಈ ಪ್ರಶ್ನೆ ಬಹುಕಾಲ ಎಳೆದಾಡಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ, 2025ರಲ್ಲಿ ಒಂದು ಬಗೆಯ ಇತ್ಯರ್ಥಕ್ಕೆ ಬಂದಿತು. ಅಲ್ಲಿಯ ವ್ಯಾಜ್ಯ ಇಲ್ಲಿ ನಮಗೇಕೆ ಎನ್ನುವವರು ಬೇಸಿಗೆಯ ಒಂದು ರಾತ್ರಿ ಮದ್ದೂರು ತಾಲ್ಲೂಕಿನ ನಮ್ಮ ಬೆಸಗರಹಳ್ಳಿಯ ಕಡೆಗೆ ಬರಬೇಕು. ಕಬ್ಬು ಕಡಿದು ಬಯಲಾದ ಹೊಲದಲ್ಲೋ ಊರ ಮುಂದಿನ ಮೈದಾನದಲ್ಲೋ ಕಂಬ ನೆಟ್ಟು, ದೀಪ ಕಟ್ಟಿ, ಮಣ್ಣು ಹದಮಾಡಿ ಕಬಡ್ಡಿಯ ಅಂಕಣ ಬರೆದಿರುತ್ತಾರೆ. ಇದಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಎಂದು ಹೆಸರು. ಹೆಸರಿಟ್ಟವರು ಯಾರೋ ರಸಿಕರೇ ಇರಬೇಕು. ತಂಡಗಳಿಗೆ ಪ್ರವೇಶ ಶುಲ್ಕವುಂಟು, ಗೆದ್ದವರಿಗೆ ನಗದು ಬಹುಮಾನವುಂಟು, ಕೆಲವೆಡೆ ಟಗರೂ ಉಂಟು. ಆಡುವವರಲ್ಲಿ ಎಷ್ಟೋ ಮಂದಿ ಕಾಲೇಜಿನ ಹುಡುಗರು. ಹಗಲು ಕಾಲೇಜಿನ ಅಂಗಿಯಲ್ಲಿ ಆಡಿದವನು ರಾತ್ರಿ ಯಾವುದೋ ಊರಿನ ತಂಡದ ಅಂಗಿ ತೊಟ್ಟು ಅಂಕಣಕ್ಕೆ ಇಳಿದಿರುತ್ತಾನೆ. ಗೆದ್ದರೆ ಅವನ ಪಾಲಿಗೆ ಸಾವಿರವೋ ಎರಡು ಸಾವಿರವೋ ಬರುತ್ತದೆ. ಬೆಳಗಾದ ಮೇಲೆ ಸುದ್ದಿ ಕಾಲೇಜಿಗೆ ಮುಟ್ಟುತ್ತದೆ. ಹುಡುಗ ಆಟವನ್ನು ಮಾರಿಕೊಳ್ಳುತ್ತಿದ್ದಾನೆ ಎಂದು ಯಾರಾದರೊಬ್ಬರು ಮೂಗು ಮುರಿಯುತ್ತಾರೆ.

ಯಾವ ವಿಷಯ ಬಂದರೂ ಮೊದಲು ನಿಘಂಟು ತೆರೆಯುವುದು ಪಂಡಿತನ ಚಾಳಿ, ವಾಚಕರು ಮನ್ನಿಸಬೇಕು. ಪಂದ್ಯ ಎಂಬ ಮಾತಿಗೆ ಪಣ ಎಂಬ ಅರ್ಥವಿದೆ. ಪಂದ್ಯ ಕಟ್ಟುವುದು ಎಂದು ಇಂದಿಗೂ ಹೇಳುತ್ತೇವೆ. ಬಹುಮಾನವೆಂದರೆ ಹೆಚ್ಚಿನ ಗೌರವ, ಸಂಭಾವನೆಯೆಂದರೂ ಗೌರವವೇ. ಎರಡೂ ಈಗ ಹಣದ ಹೆಸರುಗಳಾಗಿ ನಿಂತಿವೆ. ಬಾನುಲಿಯಲ್ಲಿ ಭಾಷಣ ಮಾಡಿದವರಿಗೆ ಸಲ್ಲುವುದು ಸಂಭಾವನೆ. ಅದನ್ನು ಕೂಲಿ ಎಂದು ಯಾರೂ ಕರೆಯರು, ಬೇಡವೆಂದವರನ್ನೂ ನಾನು ಕಂಡಿಲ್ಲ. ಇವೆಲ್ಲಕ್ಕಿಂತ ನೇರವಾದ ಮಾತು ವಿದ್ಯಾರ್ಥಿವೇತನ. ಚೆನ್ನಾಗಿ ಓದುವ ಬಡ ಹುಡುಗನಿಗೆ ಕೊಡುವ ಹಣವನ್ನು ನಾವು ಯಾವ ಮುಸುಕೂ ಇಲ್ಲದೆ ವೇತನವೆಂದೇ ಕರೆದಿದ್ದೇವೆ. ವೇತನ ತಾಗಿದ್ದರಿಂದ ವಿದ್ಯೆ ಮೈಲಿಗೆಯಾಯಿತೆಂದು ಯಾವ ಆಚಾರವಂತರೂ ಹೇಳಿದ್ದಿಲ್ಲ.

ನಮ್ಮ ಹಿಂದಿನವರು ಆಟದ ವಿಷಯದಲ್ಲಿಯೂ ಹಾಗೆ ಹೇಳಿದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಂದ ಹೇಗೆ ವಿಂಗಡಿಸಬೇಕು, ಅವರು ಯಾವ ಸಾಧನೆ ಮಾಡಬೇಕು ಎಂಬುದನ್ನೆಲ್ಲ ಹೇಳುತ್ತ, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯ ಇವನ್ನು ಒದಗಿಸುವ ಹೊಣೆಯನ್ನು ಆ ಗ್ರಂಥ ಅರಸನ ಮೇಲೆ ಹೊರಿಸುತ್ತದೆ. ಕುಸ್ತಿಯನ್ನು ನೋಡಿ ಸಂತೋಷಪಡುವವನು ಕುಸ್ತಿ ಆಡುವವನ ಹೊಟ್ಟೆಯನ್ನೂ ನೋಡತಕ್ಕದ್ದು ಎಂಬುದು ಅಲ್ಲಿಯ ಧೋರಣೆ.

ಹಾಗಾದರೆ ಆಟಕ್ಕೆ ಹಣ ಸೋಕಬಾರದೆಂಬ ಈ ಮಡಿ ಎಲ್ಲಿಂದ ಬಂತು? ಬಹುಮಟ್ಟಿಗೆ ಇಂಗ್ಲೆಂಡಿನಿಂದ. ನಾವು ಹವ್ಯಾಸಿ ಎನ್ನುವವನನ್ನು ಅವರು ಅಮೆಚೂರ್ ಎನ್ನುತ್ತಾರೆ. ಪ್ರೀತಿಸುವವನು ಎಂದು ಆ ಮಾತಿನ ಮೂಲಾರ್ಥ. ಅರ್ಥವೇನೋ ಸೊಗಸಾಗಿದೆ. ಆದರೆ 1866ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬು ಈ ಪದಕ್ಕೆ ಲಕ್ಷಣ ಹೇಳುವಾಗ, ಹಣಕ್ಕಾಗಿ ಸ್ಪರ್ಧಿಸದವನು ಎಂದಷ್ಟಕ್ಕೇ ನಿಲ್ಲಲಿಲ್ಲ. ಯಂತ್ರದ ಕೆಲಸದವನು, ಕುಶಲಕರ್ಮಿ, ಕೂಲಿಯವನು ಇವರು ಯಾರೂ ಹವ್ಯಾಸಿಗಳಾಗಲಾರರು ಎಂದೂ ಸೇರಿಸಿತು. ಹೆನ್ಲಿಯ ದೋಣಿ ಪಂದ್ಯದವರು 1879ರಲ್ಲಿ ಇಂಥದೇ ಕಟ್ಟಳೆ ಮಾಡಿದರು. ಕ್ರಿಕೆಟ್ಟಿನಲ್ಲಿಯೂ ಜಂಟಲ್‌ಮನ್ನರು ಬೇರೆ, ಸಂಬಳದ ಆಟಗಾರರು ಬೇರೆ. ಆ ಪಂಕ್ತಿಭೇದ ತೊಲಗಿದ್ದು 1962ರಲ್ಲಿ. ಹಣದ ಮಡಿಯೆಂದು ಹೊರಗೆ ಕಂಡದ್ದು ಒಳಗೆ ಕುಲದ ಮಡಿಯಾಗಿತ್ತು.

ಇದನ್ನು ಓದುವಾಗ ಪಂಪಭಾರತವನ್ನು ಪಾಠ ಹೇಳಿದವನಿಗೆ ಆ ರಂಗಪ್ರದರ್ಶನ ನೆನಪಾಗದೆ ಇರದು. ಕರ್ಣ ರಂಗಕ್ಕೆ ಬಂದು ಅರ್ಜುನನೊಡನೆ ಕೈ ಮಾಡಲು ನಿಂತಾಗ, ಅವನ ಬಿಲ್ವಿದ್ಯೆ ಎಷ್ಟು ಎಂಬ ಪ್ರಶ್ನೆ ಏಳಲಿಲ್ಲ. ಪ್ರಶ್ನೆ ಎದ್ದದ್ದು ಅವನ ಕುಲದ ಮೇಲೆ. ದುರ್ಯೋಧನ ಅಂಗರಾಜ್ಯವನ್ನು ಕೊಟ್ಟ ಮೇಲೆಯೇ ಅವನು ಆಟಕ್ಕೆ ಅರ್ಹನಾದದ್ದು. ರಾಜ್ಯ ಕೊಡುವ ಗೆಳೆಯ ಎಲ್ಲರಿಗೂ ಸಿಕ್ಕುವುದಿಲ್ಲ. ಜಿಮ್ ಥಾರ್ಪ್ ಎಂಬ ಅಮೆರಿಕದ ಆದಿವಾಸಿ ವಿದ್ಯಾರ್ಥಿಗೆ ಸಿಕ್ಕಲಿಲ್ಲ. ಕಾರ್ಲೈಲ್ ಎಂಬ ಆದಿವಾಸಿ ಶಾಲೆಯ ಈ ತರುಣ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲಿಯೂ ಚಿನ್ನ ಗೆದ್ದನು. ಅದಕ್ಕೆ ಮುಂಚೆ, 1909 ಮತ್ತು 1910ರ ಬೇಸಿಗೆಗಳಲ್ಲಿ, ಅಲ್ಪ ಹಣಕ್ಕೆ ಊರ ತಂಡಗಳ ಪರವಾಗಿ ಬೇಸ್‌ಬಾಲ್ ಆಡಿದ್ದನು. ಎಷ್ಟೋ ಕಾಲೇಜು ಹುಡುಗರು ಹಾಗೆ ಆಡುತ್ತಿದ್ದರು. ಅವರು ಸುಳ್ಳು ಹೆಸರು ಕೊಟ್ಟರು, ಇವನು ತನ್ನ ಹೆಸರನ್ನೇ ಕೊಟ್ಟನು. 1913ರಲ್ಲಿ ಪದಕಗಳನ್ನು ಕಿತ್ತುಕೊಂಡರು. 1953ರಲ್ಲಿ ಅವನು ತೀರಿಕೊಂಡ ಎಷ್ಟೋ ಕಾಲದ ಮೇಲೆ, 1982ರಲ್ಲಿ, ಗೌರವ ಹಿಂದಿರುಗಿತು. ಅವನೊಬ್ಬನೇ ವಿಜೇತನೆಂದು ದಾಖಲೆ ತಿದ್ದಿದ್ದು 2022ರಲ್ಲಿ. ನಮ್ಮ ಹೊನಲು ಬೆಳಕಿನ ಹುಡುಗರು ಮಾಡುವುದು ಥಾರ್ಪ್ ಮಾಡಿದ್ದನ್ನೇ.

ಇನ್ನು ಅಮೆರಿಕದ ಕಾಲೇಜುಗಳ ವಿಷಯ. ಅಲ್ಲಿ 1906ರಿಂದ ಕಾಲೇಜು ಕ್ರೀಡೆಗಳಿಗೆ ಒಂದು ಸಂಘವಿದೆ, ಎನ್.ಸಿ.ಎ.ಎ. ಎಂದು ಅದರ ಸಂಕ್ಷೇಪನಾಮ. ಆಟಗಾರನಿಗೆ ಶುಲ್ಕ, ವಸತಿ, ಊಟ ಕೊಡಬಹುದು, ಅದಕ್ಕಿಂತ ಹೆಚ್ಚು ಕೂಡದು ಎಂದು ಬಹುಕಾಲ ಅದು ಕಟ್ಟುನಿಟ್ಟಾಗಿ ನಡೆಸಿತು. 1955ರಲ್ಲಿ ಕೊಲರಾಡೊ ಸಂಸ್ಥಾನದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ಎಂಬವನು ತಲೆಗೆ ಪೆಟ್ಟುಬಿದ್ದು ತೀರಿಕೊಂಡನು. ಕೆಲಸದಲ್ಲಿದ್ದಾಗ ಸತ್ತ ನೌಕರನ ಕುಟುಂಬಕ್ಕೆ ಸಲ್ಲುವ ಪರಿಹಾರ ತನಗೂ ಸಲ್ಲಬೇಕೆಂದು ಅವನ ಹೆಂಡತಿ ಕೇಳಿದಳು. ಅವನು ಆಟಕ್ಕಾಗಿ ನೌಕರನಾಗಿರಲಿಲ್ಲ, ಫುಟ್‌ಬಾಲು ಕಾಲೇಜಿನ ವ್ಯಾಪಾರವೂ ಅಲ್ಲ ಎಂದು 1957ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಇದೇ ವರ್ಷಗಳಲ್ಲಿ ಸಂಘವು ಒಂದು ಹೊಸ ಪದವನ್ನು ಚಲಾವಣೆಗೆ ತಂದಿತು: ವಿದ್ಯಾರ್ಥಿ-ಕ್ರೀಡಾಪಟು. ಆಟಗಾರ ಎನ್ನಬೇಡಿ, ಇದನ್ನೇ ಬಳಸಿ ಎಂದು ಎಲ್ಲೆಡೆಗೂ ಹೇಳಿ ಕಳುಹಿಸಿದರು. 1951ರಿಂದ ಮೂರು ದಶಕಕ್ಕೂ ಮೇಲ್ಪಟ್ಟು ಸಂಘದ ಆಡಳಿತವನ್ನು ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತನಾದ ಬಳಿಕ 1995ರಲ್ಲಿ ಬರೆದ ಪುಸ್ತಕದಲ್ಲಿ, ಆಟಗಾರರನ್ನು ಯಾರೂ ನೌಕರರೆಂದು ಕರೆಯಬಾರದೆಂಬ ಭಯದಿಂದಲೇ ಆ ಮಾತನ್ನು ಹುಟ್ಟಿಸಿದೆವೆಂದು ತಾನೇ ಒಪ್ಪಿಕೊಂಡನು. ಸಮಾಸಗಳ ಪಾಠ ಮಾಡುತ್ತ ಕೂದಲು ನರೆತವನಿಗೂ ಇಂಥ ಪ್ರಯೋಜನಕ್ಕಾಗಿ ಕಟ್ಟಿದ ಸಮಾಸ ಇನ್ನೊಂದು ಕಂಡದ್ದಿಲ್ಲ.

ವ್ಯಾಪಾರವಲ್ಲವೆಂದ ಆಟ ಆಮೇಲೆ ಏನಾಯಿತು? ಪಂದ್ಯಗಳ ಪ್ರಸಾರವನ್ನು ಕಾಲೇಜುಗಳು ತಾವೇ ಮಾರಬಹುದೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಹಣ ಹೊಳೆಯಾಗಿ ಹರಿಯಿತು. ಕಾಲೇಜು ಬ್ಯಾಸ್ಕೆಟ್‌ಬಾಲಿನ ಒಂದೇ ಒಂದು ಪಂದ್ಯಾವಳಿಯ ಟೆಲಿವಿಷನ್ ಹಕ್ಕಿಗೆ 2010ರಲ್ಲಿ 14 ವರ್ಷದ ಕರಾರಾಯಿತು. ಮೊತ್ತ 1,080 ಕೋಟಿ ಡಾಲರ್. ಮನೆಯಲ್ಲಿ ಕುಳಿತು ಕೇಳುವ, ನೋಡುವ ನಮ್ಮಂಥವರ ಕಿವಿಗೂ ಕಣ್ಣಿಗೂ ಕಟ್ಟಿದ ಬೆಲೆ ಅದು. ತರಬೇತುದಾರನಿಗೆ ಸಂಬಳ ಬಂತು, ಸಂಘಕ್ಕೆ ಕಟ್ಟಡ ಬಂತು; ಬೆವರು ಸುರಿಸಿದವನಿಗೆ ಮಾತ್ರ ನಿಯಮ ಅಡ್ಡಬಂತು. 1995ರಲ್ಲಿ ತನ್ನ ವಿಶ್ವವಿದ್ಯಾನಿಲಯಕ್ಕೆ ಪ್ರಶಸ್ತಿ ತಂದುಕೊಟ್ಟ ಎಡ್ ಒಬ್ಯಾನನ್ ಎಂಬ ಆಟಗಾರ, ಮಕ್ಕಳಾಡುವ ಒಂದು ವಿಡಿಯೋ ಆಟದಲ್ಲಿ ತನ್ನದೇ ಆಕೃತಿ ಓಡಾಡುವುದನ್ನು ನೋಡಿ, ಇದಕ್ಕೆ ನನ್ನನ್ನು ಕೇಳಿದವರಾರು ಎಂದು 2009ರಲ್ಲಿ ದಾವೆ ಹೂಡಿದನು. ಅಲ್ಲಿಂದ ಗೋಡೆ ಬಿರುಕುಬಿಟ್ಟಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಸಂಘದ ವಿರುದ್ಧ ತೀರ್ಪಿತ್ತರು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರನ್ನೂ ಮುಖವನ್ನೂ ಜಾಹೀರಾತಿಗೆ ಕೊಟ್ಟು ಸಂಪಾದಿಸಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ಮಂಜೂರಾದ ರಾಜಿಯಂತೆ, ಕಾಲೇಜುಗಳು ನೇರವಾಗಿ ಆಟಗಾರರಿಗೆ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳ ಮಿತಿ. ನಮ್ಮ ಲೆಕ್ಕದಲ್ಲಿ ಅದು 170 ಕೋಟಿ ರೂಪಾಯಿಗೂ ಮೇಲೆ.

ಇಷ್ಟು ದೊಡ್ಡ ಅಂಕಿಗಳನ್ನು ಕೇಳಿದ ಮೇಲೆ ನಮ್ಮ ಕಾಲೇಜುಗಳ ಕಡೆ ತಿರುಗಿದರೆ ನಗು ಬಂದೀತು. ಇಲ್ಲಿ ಅಂತರಕಾಲೇಜು ಕಬಡ್ಡಿಗೆ ಟಿಕೆಟ್ಟಿಲ್ಲ, ಪ್ರಸಾರವಿಲ್ಲ. ನೋಡಲು ಬಂದವರು ಎದುರು ತಂಡದವರು ಮತ್ತು ಕಡಲೆಕಾಯಿ ಮಾರುವವನು. ಬಾರದ ಹಣದಲ್ಲಿ ಪಾಲು ಕೇಳುವುದು ಹೇಗೆ? ಪ್ರಶ್ನೆ ಸರಿಯಾದದ್ದೇ. ಇದಕ್ಕೆ ನನ್ನ ಉತ್ತರ ಯಾವ ಗ್ರಂಥದಿಂದಲೂ ಬಂದುದಲ್ಲ.

ನನ್ನ ಬಳಿ ಹತ್ತನೆಯ ತರಗತಿಯವರೆಗೆ ಓದಿದ ಒಬ್ಬ ಹುಡುಗನಿದ್ದ. ವ್ಯಾಕರಣದಲ್ಲಿ ಸಾಧಾರಣ, ಕಬಡ್ಡಿಯಲ್ಲಿ ಅವನ ಉಸಿರು ಮುಗಿಯುವುದನ್ನು ಕಂಡವರಿಲ್ಲ. ಪದವಿ ತರಗತಿಗೆ ಹತ್ತಿರದ ಒಂದು ಕಾಲೇಜಿಗೆ ಸೇರಿದ. ಎರಡನೆಯ ವರ್ಷದಲ್ಲಿ ಅಂತರಕಾಲೇಜು ಪಂದ್ಯದ ಉಪಾಂತ್ಯದಲ್ಲಿ ಮೂರು ಜನ ಅವನ ಮೇಲೆ ಬಿದ್ದಾಗ ಮಂಡಿ ತಿರುಚಿತು. ಒಳಗಿನ ಲಿಗಮೆಂಟು ಹರಿದಿತ್ತು. ತಂಡ ಮರುದಿನ ಅವನಿಲ್ಲದೆಯೇ ಅಂತಿಮ ಪಂದ್ಯ ಗೆದ್ದು ಫಲಕ ತಂದಿತು. ಶಸ್ತ್ರಚಿಕಿತ್ಸೆಗೆ ಒಂದೂವರೆ ಲಕ್ಷವಾಯಿತು. ಡೇರಿಗೆ ಹಾಲು ಹಾಕುತ್ತಿದ್ದ ಎರಡು ಸೀಮೆ ಹಸುಗಳನ್ನು ಅವನ ತಂದೆ ಮಾರಿದರು, ಉಳಿದದ್ದಕ್ಕೆ ಸಾಲ. ಆ ಸಲದ ಪರೀಕ್ಷೆಯೂ ತಪ್ಪಿತು. ಒಂದು ಸಂಜೆ ಆ ಮನುಷ್ಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಕಾಲೇಜ್ನೋರ್ಗೇ ಆಡಿದ್ದು ಕಣ್ ಮೇಷ್ಟ್ರೇ. ಅವ್ರೇನಾರ ವಸಿ ಕೈ ಹಿಡ್ದಾರಾ?" ಎಂದು ಕೇಳಿದರು.

ಇಬ್ಬರೂ ಹೋದೆವು. ಪ್ರಾಂಶುಪಾಲರು ಸಜ್ಜನರು, ಕಾಫಿ ತರಿಸಿದರು, ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದರು. ಪ್ರಯಾಣಭತ್ಯಕ್ಕೆ ಒಂದು ಶೀರ್ಷಿಕೆ, ಉಪಾಹಾರಕ್ಕೆ ಒಂದು, ಸಮವಸ್ತ್ರಕ್ಕೆ ಒಂದು, ಫಲಕಕ್ಕೆ ಗಾಜಿನ ಬೀರು ಕೊಂಡದ್ದಕ್ಕೆ ಒಂದು. ಮಂಡಿಗೆ ಶೀರ್ಷಿಕೆ ಇರಲಿಲ್ಲ. ಅಧ್ಯಾಪಕರು ತಮ್ಮ ಕೈಯಿಂದ ಹಾಕಿ ಎಂಟು ಸಾವಿರ ರೂಪಾಯಿ ಕೊಟ್ಟರು. ಅವರ ದಯೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯ ಪಂದ್ಯದಲ್ಲಿ ಏಟು ಬಿದ್ದರೆ ಅಂಕಣದ ಬದಿಯಲ್ಲಿಯೇ ಟವಲು ಹಾಸಿ ಹಣ ಎತ್ತುತ್ತಾರೆ. ಇಲ್ಲಿ ಅದಕ್ಕಿಂತ ಹೆಚ್ಚಿನ ಏರ್ಪಾಡು ಇರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ರೇ ಡೆನಿಸನ್ನನ ಹೆಂಡತಿಯ ಕಥೆಯನ್ನು ಓದಿದ್ದು ಅನಂತರ. ಓದಿದಾಗ ಆ ಜಗಲಿಯೇ ಕಣ್ಣೆದುರು ಬಂತು.

ಆದ್ದರಿಂದ ನಮ್ಮಲ್ಲಿ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕೆಂದು ನನಗೆ ತೋರುತ್ತದೆ. ಕಾಲೇಜಿಗೆ ಹಣ ಬರದಿರಬಹುದು, ಹೆಸರು ಬರುತ್ತದೆ. ಆ ಹೆಸರನ್ನು ಪ್ರವೇಶದ ಕಾಲದಲ್ಲಿ ಕರಪತ್ರದಲ್ಲಿ ಅಚ್ಚು ಹಾಕಿಸುತ್ತಾರೆ. ಹುಡುಗ ತೆರುವುದು ಎರಡನ್ನು: ತನ್ನ ಪಾಠದ ಹೊತ್ತನ್ನು, ತನ್ನ ಮೈಯನ್ನು. ಅವನಿಗೆ ಸಲ್ಲಬೇಕಾದ ಮೊದಲ ವೇತನವೂ ಇವೆರಡರ ರೂಪದಲ್ಲಿಯೇ ಇರಬೇಕು. ಏಟು ಬಿದ್ದರೆ ಗುಣವಾಗುವವರೆಗಿನ ಖರ್ಚು ಕಾಲೇಜಿನದು. ತಪ್ಪಿದ ಪಾಠಕ್ಕೆ ಹಾಜರಿ, ತಪ್ಪಿದ ಪರೀಕ್ಷೆಗೆ ಬೇರೆ ದಿನ. ಅಭ್ಯಾಸದ ತಿಂಗಳುಗಳಲ್ಲಿ ಮೊಟ್ಟೆ, ಹಾಲು, ಹೊಟ್ಟೆತುಂಬ ಊಟ. ಇವನ್ನು ದಯೆಯೆಂದು ಕೊಡದೆ, ತಂಡಕ್ಕೆ ಸೇರಿಸಿಕೊಳ್ಳುವ ದಿನವೇ ಕಾಗದದಲ್ಲಿ ಬರೆದುಕೊಡಬೇಕು. ಹಣವೆಲ್ಲಿ ಎಂದರೆ, ಶುಲ್ಕದ ಜೊತೆಗೆ ಕ್ರೀಡಾಶುಲ್ಕವೆಂದು ಎಲ್ಲ ಮಕ್ಕಳಿಂದಲೂ ಪಡೆಯುವುದು ನಡೆದೇ ಇದೆ. ಸಾವಿರ ಮಕ್ಕಳಿರುವ ಕಾಲೇಜಿನಲ್ಲಿ ತಲೆಗೆ 50 ರೂಪಾಯಿಯನ್ನು ತೆಗೆದಿಟ್ಟರೆ ವರ್ಷಕ್ಕೆ 50,000 ಆಗುತ್ತದೆ. ನಾಲ್ಕು ವರ್ಷ ಯಾರ ಕಾಲೂ ಮುರಿಯದಿದ್ದರೆ ಎರಡು ಲಕ್ಷದ ನಿಧಿ. ಇದಕ್ಕೆ ಯಾವ ಟೆಲಿವಿಷನ್ ಕರಾರೂ ಬೇಕಿಲ್ಲ.

ಇದು ಹಗಲುಗನಸೂ ಅಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯವರು ಆಟಗಾರ ಮಕ್ಕಳನ್ನು ದತ್ತು ತೆಗೆದುಕೊಂಡು, ಉಚಿತ ವಿದ್ಯೆ, ಊಟ, ವಸತಿ, ತರಬೇತಿಗಳನ್ನು ಕೊಡುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿದ್ದಾರೆ. ಮಂಗಳೂರು ವಿಶ್ವವಿದ್ಯಾನಿಲಯ ಅಖಿಲ ಭಾರತ ಅಂತರವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್‌ನಲ್ಲಿ ಪಡೆದ ಕೀರ್ತಿಯ ಹಿಂದೆ ಆ ಮಕ್ಕಳ ಕಾಲುಗಳಿವೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಎಳೆಯರಿಗೆ ತರಬೇತಿಯ ವೆಚ್ಚವಲ್ಲದೆ ತಿಂಗಳಿಗೆ 10,000 ರೂಪಾಯಿಯ ಕೈಖರ್ಚನ್ನೂ ಗೊತ್ತುಮಾಡಲಾಯಿತು. ಶಾಲೆಯಲ್ಲಿ ಓದುವವರೂ ಇದನ್ನು ಪಡೆದಿದ್ದಾರೆ. ಅದರಿಂದ ಆಟ ಕೆಟ್ಟಿತೆಂಬ ಗುಲ್ಲು ಎಲ್ಲಿಯೂ ಎದ್ದಿಲ್ಲ. ಆದರೆ ಈ ಭಾಗ್ಯ ಆಯ್ದ ಕೆಲವರದು. ತಾಲ್ಲೂಕಿನ ಕಾಲೇಜಿನ ಹನ್ನೆರಡು ಜನರ ತಂಡ ಇವೆರಡರಲ್ಲಿ ಯಾವುದರ ನೆರಳಿಗೂ ಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಅಮೆರಿಕದ ದಾರಿ ನನಗೆ ಅನುಮಾನ ತರುತ್ತದೆ. ಬಂದ ಹಣಕ್ಕೆ ತಕ್ಕ ಪಾಲು ಎಂದು ಹೊರಟರೆ ಬಹುಪಾಲು ಫುಟ್‌ಬಾಲಿಗೂ ಗಂಡಸರ ಬ್ಯಾಸ್ಕೆಟ್‌ಬಾಲಿಗೂ ಹೋಗುತ್ತದೆ. ಅಲ್ಲಿ ಆಗುತ್ತಿರುವುದೂ ಅದೇ. ನಮ್ಮಲ್ಲಿ ಖೊಖೊ ಆಡುವ ಹುಡುಗಿಗೆ ಆ ಲೆಕ್ಕದಲ್ಲಿ ಸೊನ್ನೆ ಸಿಕ್ಕೀತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಗೆದ್ದ ಭಾರತ ತಂಡಗಳಲ್ಲಿ ಕನ್ನಡನಾಡಿನ ಇಬ್ಬರಿದ್ದರು: ಗೌತಮ್ ಮತ್ತು ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಇಬ್ಬರೂ ಒಲ್ಲೆವೆಂದರು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2 ಕೋಟಿ 25 ಲಕ್ಷವನ್ನೂ ಸರ್ಕಾರಿ ನೌಕರಿಯನ್ನೂ ಘೋಷಿಸಿತ್ತು. ಬಹುಮಾನವನ್ನು ತಿರಸ್ಕರಿಸುವುದು ಅವಿನಯವೆಂದು ಕೆಲವರು ನುಡಿದರು. ಬಹುಮಾನ ಎಂಬ ಪದದ ಮೊದಲ ಅರ್ಥವನ್ನು ಆ ಮಕ್ಕಳು ಮರೆತಿರಲಿಲ್ಲವೆಂದೇ ನನ್ನ ಭಾವನೆ.

ಹಣ ಕೈಗೆ ಬಂದರೆ ಓದು ಕೈಬಿಡುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಲಾರೆ. ಮೇಷ್ಟರಾದವನು ತಳ್ಳಲೂ ಬಾರದು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಆಟಗಾರನ ಅತಿ ಹೆಚ್ಚಿನ ಬೆಲೆ 12 ಲಕ್ಷ 80 ಸಾವಿರವಿತ್ತು; 2023ರಲ್ಲಿ ಅದು 2 ಕೋಟಿ 60 ಲಕ್ಷವನ್ನು ದಾಟಿತು. ಆ ಅಂಕಿಯನ್ನು ಕನವರಿಸುತ್ತ ಪುಸ್ತಕವನ್ನು ಮೂಲೆಗೆಸೆದ ಹುಡುಗರು ನಮ್ಮ ಹೋಬಳಿಯಲ್ಲಿಯೇ ಇದ್ದಾರೆ. ಅವರಲ್ಲಿ ಲೀಗಿಗೆ ಹೋಗುವವನು ಸಾವಿರಕ್ಕೊಬ್ಬನೂ ಅಲ್ಲ. ಆದರೆ ಅವರನ್ನು ಕೆಡಿಸಿದ್ದು ಕೈಗೆ ಬಂದ ಸಾವಿರ ರೂಪಾಯಿಯಲ್ಲ, ಕೈಗೆ ಬಾರದ ಕೋಟಿ. ರಾತ್ರಿ ಆಡಿ ಸಾವಿರ ತಂದ ಹುಡುಗ ಅದರಲ್ಲಿ ಪರೀಕ್ಷಾಶುಲ್ಕ ಕಟ್ಟಿದ್ದನ್ನೂ, ಬಸ್ ಪಾಸು ಮಾಡಿಸಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಅವನನ್ನು ತಂಡದಿಂದ ತೆಗೆಯುತ್ತೇವೆಂದು ಹೆದರಿಸುವ ಕಾಲೇಜು, ಆ ಪಾಸನ್ನು ತಾನು ಕೊಡಿಸಿದ್ದರೆ ಹೆದರಿಸುವ ಅಧಿಕಾರವಾದರೂ ಇರುತ್ತಿತ್ತು.

ಮಂಡಿ ಮುರಿದುಕೊಂಡ ನನ್ನ ಶಿಷ್ಯ ಮರುವರ್ಷ ಪರೀಕ್ಷೆ ಕಟ್ಟಿ ಪದವಿ ಮುಗಿಸಿದ. ಅಂಕಣಕ್ಕೆ ಆಟಗಾರನಾಗಿ ಮತ್ತೆ ಇಳಿಯಲಿಲ್ಲ. ಈಗ ಬೇಸಿಗೆಯಲ್ಲಿ ಸುತ್ತಮುತ್ತಲ ಊರುಗಳ ಹೊನಲು ಬೆಳಕಿನ ಪಂದ್ಯಗಳಿಗೆ ಸೀಟಿ ಕಟ್ಟಿಕೊಂಡು ತೀರ್ಪುಗಾರನಾಗಿ ಹೋಗುತ್ತಾನೆ. ರಾತ್ರಿಗೆ 500 ರೂಪಾಯಿ, ಊಟ ಬೇರೆ. ಹೋದ ಬೇಸಿಗೆಯಲ್ಲಿ ನಾನು ನೋಡುತ್ತಿದ್ದಾಗ ಒಬ್ಬ ಹುಡುಗ ಕಾಲು ಹಿಡಿದುಕೊಂಡು ಬಿದ್ದ. ಇವನು ಸೀಟಿ ಊದಿ ಆಟ ನಿಲ್ಲಿಸಿ, ಏನೂ ಕೇಳದೆ, ತನ್ನ ಹೆಗಲ ಟವಲನ್ನು ತೆಗೆದು ಗೆರೆಯ ಆಚೆ ಹಾಸಿದ. ಆ ರಾತ್ರಿಯ 500 ರೂಪಾಯಿಯನ್ನು ಮೊದಲು ಅದರ ಮೇಲಿಟ್ಟ.